ಧ್ರುವ ಹೆಲಿಕಾಪ್ಟರ್: ಪರ್ವತಕ್ಕೂ ಕಡಲಿಗೂ ಒಂದೇ ವಿನ್ಯಾಸ

ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ 1960ರ ದಶಕದಿಂದ ಫ್ರೆಂಚ್ ಪರವಾನಗಿಯಲ್ಲಿ ಚೇತಕ್ ಹೆಲಿಕಾಪ್ಟರ್‌ಗಳನ್ನೂ, ಆಮೇಲೆ ಚೀತಾಗಳನ್ನೂ ತಯಾರಿಸುತ್ತ ಬಂದಿತ್ತು. ಸ್ವಂತ ವಿನ್ಯಾಸವಾದ ಧ್ರುವದ ಕೆಲಸ 1984ರಲ್ಲಿ ಜರ್ಮನಿಯ ಎಂಬಿಬಿ ಸಂಸ್ಥೆಯ ಸಲಹೆಯೊಂದಿಗೆ ಶುರುವಾಯಿತು. ಭೂಸೇನೆ, ವಾಯುಪಡೆ, ನೌಕಾಪಡೆ, ಕರಾವಳಿ ಕಾವಲು ಪಡೆ ನಾಲ್ಕಕ್ಕೂ ಒಂದೇ ಹೆಲಿಕಾಪ್ಟರ್ ಒದಗಬೇಕೆಂಬುದೇ ಆ ಯೋಜನೆಯ ಬಲ. ಅದರ ತೊಡಕೂ ಅಲ್ಲಿಂದಲೇ ಹುಟ್ಟಿತೆಂಬುದು ಈ ಲೇಖನದ ವಾದ.

ಮೊದಲ ಮಾದರಿ ಬೆಂಗಳೂರಿನಲ್ಲಿ ಹಾರಿದ್ದು 1992ರ ಆಗಸ್ಟ್ 20ರಂದು. ಅದರ ಜೀವಾಳ ರೋಟರ್. ನಾಲ್ಕು ಬ್ಲೇಡುಗಳ ಬುಡಗಳನ್ನು ಶಿಲುಬೆಯಾಕಾರದ ಎರಡು ಕಾರ್ಬನ್ ಫೈಬರ್ ಫಲಕಗಳ ನಡುವೆ ಬಿಗಿಯಲಾಗಿದೆ. ಹಳೆಯ ರೋಟರ್‌ಗಳಲ್ಲಿ ಬ್ಲೇಡುಗಳು ಮೇಲೆ ಕೆಳಗೆ ಆಡಲು ಇರುತ್ತಿದ್ದ ಕೀಲುಗಳು ಇಲ್ಲಿಲ್ಲ. ಬಳುಕುವ ಕೆಲಸವನ್ನು ನಾರಿನ ವಸ್ತುವೇ ಮಾಡುತ್ತದೆ. ಹೀಗಾಗಿ ಪೈಲಟ್ ಕೋಲು ಸರಿಸಿದ ಕೂಡಲೇ ಯಂತ್ರ ತಿರುಗುತ್ತದೆ. ವಾಯುಪಡೆಯ ‘ಸಾರಂಗ್’ ತಂಡದ ಪ್ರದರ್ಶನಗಳನ್ನು ಕಂಡವರಿಗೆ ಈ ಚುರುಕಿನ ಪರಿಚಯವಿದೆ.

1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು. ಆರಿಸಿಕೊಂಡಿದ್ದ ಎಂಜಿನ್ ಕೈತಪ್ಪಿ, ಫ್ರಾನ್ಸಿನ ಟರ್ಬೋಮೆಕಾ ಎಂಜಿನ್ನನ್ನೇ ನೆಚ್ಚಬೇಕಾಯಿತು. 2002ರಲ್ಲಿ ಪಡೆಗಳಿಗೆ ಹಸ್ತಾಂತರ ಆರಂಭವಾಯಿತು. ಆದರೆ ಗಾಳಿ ತೆಳುವಾಗಿರುವ ಸಿಯಾಚಿನ್ ಎತ್ತರದಲ್ಲಿ ಭಾರ ಹೊರಲು ಆ ಎಂಜಿನ್ನಿನ ಬಲ ಸಾಲದಾಯಿತು. ಎಚ್‌ಎಎಲ್ ಅದೇ ಟರ್ಬೋಮೆಕಾ ಜೊತೆ ಸೇರಿ ರೂಪಿಸಿದ ‘ಶಕ್ತಿ’ ಎಂಜಿನ್ ಆ ಕೊರತೆ ನೀಗಿಸಿತು. ಧ್ರುವ ನಿಜವಾಗಿ ಪ್ರೌಢವಾದದ್ದು ಆಗಲೇ ಎನ್ನಬೇಕು. ಹಿಮದ ಠಾಣೆಗೆ ದಿನಸಿ ಒಯ್ದು, ಗಾಯಗೊಂಡ ಯೋಧನನ್ನು ಕೆಳಗಿಳಿಸುವ ಕೆಲಸ ಅದರ ನಿತ್ಯದ ಪಾಡಾಯಿತು. 2013ರ ಉತ್ತರಾಖಂಡ ಪ್ರವಾಹದಲ್ಲೂ ಅದು ಜನರನ್ನು ಹೊತ್ತು ತಂದಿತು.

ಕಡಲಲ್ಲಿ ಈ ಹೊಂದಾಣಿಕೆ ಅಷ್ಟು ಸಲೀಸಾಗಲಿಲ್ಲ. ಭೂಸೇನೆ, ವಾಯುಪಡೆಗಳ ಯಂತ್ರಕ್ಕೆ ನೆಲಕ್ಕೂರಲು ಸ್ಕಿಡ್, ಕಡಲಿನದಕ್ಕೆ ಚಕ್ರ, ಅಲ್ಲಿಯವರೆಗೆ ಸರಿ. ಹಡಗಿನ ಕಿರಿದಾದ ಹ್ಯಾಂಗರ್‌ಗೆ ಬೇಕಾದಷ್ಟು ಚಿಕ್ಕದಾಗಿ ಬ್ಲೇಡುಗಳು ಮಡಚಿಕೊಳ್ಳಲಿಲ್ಲ. ಜಲಾಂತರ್ಗಾಮಿಗಳ ಬೇಟೆಗೂ ನೌಕಾಪಡೆ ಇದನ್ನು ಒಪ್ಪಿಕೊಳ್ಳಲಿಲ್ಲ. ಅಲ್ಲಿ ಧ್ರುವಕ್ಕೆ ಸಿಕ್ಕಿದ್ದು ಮುಖ್ಯವಾಗಿ ಶೋಧ, ರಕ್ಷಣೆಯ ಕೆಲಸ. ನಾಲ್ಕು ಪಡೆಗಳ ಅಗತ್ಯಗಳನ್ನು ಒಂದೇ ರೋಟರ್ ಮೇಲೆ ಹೇರಿದ್ದರ ಬೆಲೆ ಇದೆಂದು ನನ್ನ ತೀರ್ಮಾನ.

ಶಸ್ತ್ರ ಹೊತ್ತ ಬಗೆಯಾದ ‘ರುದ್ರ’ದಲ್ಲಿ ಮೂತಿಯ ಕೆಳಗಿನ 20 ಮಿ.ಮೀ. ಫಿರಂಗಿ ಪೈಲಟ್‌ನ ಹೆಲ್ಮೆಟ್ ದೃಷ್ಟಿಯನ್ನು ಅನುಸರಿಸಿ ತಿರುಗುತ್ತದೆ. 2022ರಲ್ಲಿ ಸೇವೆಗೆ ಬಂದ ದಾಳಿ ಹೆಲಿಕಾಪ್ಟರ್ ‘ಪ್ರಚಂಡ’ ಹೊರನೋಟಕ್ಕೆ ಬೇರೆಯೇ ಯಂತ್ರ. ಒಳಗಿನ ಎಂಜಿನ್, ರೋಟರ್ ವ್ಯವಸ್ಥೆಗಳ ಬಹುಪಾಲು ಧ್ರುವದ್ದೇ.

2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ತೀರಿಕೊಂಡರು. ಪೈಲಟ್‌ನ ಆದೇಶವನ್ನು ಬ್ಲೇಡುಗಳಿಗೆ ಮುಟ್ಟಿಸುವ ಸ್ವಾಶ್‌ಪ್ಲೇಟ್ ಮುರಿದದ್ದು ತನಿಖೆಯಲ್ಲಿ ಕಂಡಿತು. ನಾಲ್ಕೂ ಪಡೆಗಳ ಧ್ರುವಗಳು ಒಟ್ಟಿಗೆ ನೆಲಕ್ಕಿಳಿದವು. ಮೇ ತಿಂಗಳಲ್ಲಿ ಮೊದಲು ಹಾರಾಟಕ್ಕೆ ಒಪ್ಪಿಗೆ ದೊರೆತದ್ದು ಭೂಸೇನೆ ಮತ್ತು ವಾಯುಪಡೆಯ ಯಂತ್ರಗಳಿಗೆ. ಕಡಲಿನವು ಇನ್ನೂ ಕಾಯಬೇಕಾಯಿತು.