ಕರುಳಿನ ದೀರ್ಘಕಾಲದ ಉರಿಯೂತಕ್ಕೆ ಬ್ಯಾಕ್ಟೀರಿಯಾ ಕಾರಣವೇ? ಸಂಶೋಧನೆಗಳು ಹೇಳುವುದೇನು?

ವಾರಗಟ್ಟಲೆ ನಿಲ್ಲದ ಭೇದಿ, ಹೊಟ್ಟೆ ನೋವು, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ. ಇವು ಕರುಳಿನ ದೀರ್ಘಕಾಲದ ಉರಿಯೂತದ, ಅಂದರೆ ಐಬಿಡಿಯ ಸಾಮಾನ್ಯ ಲಕ್ಷಣಗಳು. ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಇದರ ಎರಡು ಮುಖ್ಯ ರೂಪಗಳು. 2017ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 68 ಲಕ್ಷ ಮಂದಿಗೆ ಈ ಸಮಸ್ಯೆಯಿದೆ. ಭಾರತದಲ್ಲೂ ರೋಗಿಗಳ ಸಂಖ್ಯೆ ಏರುತ್ತಿದೆ.

ಜಠರದ ಅಲ್ಸರ್‌ಗೆ ಒತ್ತಡ, ಖಾರದ ಊಟವೇ ಕಾರಣ ಎಂದು ಒಂದು ಕಾಲದಲ್ಲಿ ನಂಬಲಾಗಿತ್ತು. ಬಹುಪಾಲು ಪ್ರಕರಣಗಳ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುವುದನ್ನು ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಐಬಿಡಿಗೂ ಇಂತಹದ್ದೇ ಒಬ್ಬ 'ಅಪರಾಧಿ' ಇದ್ದಾನೆಯೇ?

ದನಗಳ ಕಾಯಿಲೆಯಿಂದ ಹುಟ್ಟಿದ ಅನುಮಾನ

1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಸಹೋದ್ಯೋಗಿಗಳು ಈ ಕಾಯಿಲೆಯನ್ನು ವಿವರಿಸಿದರು. ಅದಕ್ಕೂ ಮೊದಲೇ, 1913ರಲ್ಲಿ ಸ್ಕಾಟ್ಲೆಂಡ್‌ನ ಶಸ್ತ್ರವೈದ್ಯ ಕೆನಡಿ ಡಾಲ್ಜೀಲ್ ಇಂತಹ ರೋಗಿಗಳ ಕರುಳು ದನಗಳಿಗೆ ಬರುವ ಜೋನ್ಸ್ ಕಾಯಿಲೆಯನ್ನು ಹೋಲುತ್ತದೆ ಎಂದು ಬರೆದಿದ್ದರು. ಆ ಕಾಯಿಲೆಗೆ ಕಾರಣ ಕ್ಷಯರೋಗಾಣುವಿನ ಬಂಧುವಾದ ಎಂಎಪಿ ಎಂಬ ಬ್ಯಾಕ್ಟೀರಿಯಾ.

1984ರಲ್ಲಿ ಅಮೆರಿಕದ ರಾಡ್ರಿಕ್ ಚಿಯೋಡಿನಿ ತಂಡ ಕ್ರೋನ್ಸ್ ರೋಗಿಗಳ ಕರುಳಿನಿಂದಲೇ ಎಂಎಪಿಯಂತಹ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದಾಗ ಅನುಮಾನ ಬಲವಾಯಿತು. ಆದರೆ 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 213 ರೋಗಿಗಳಿಗೆ ಎರಡು ವರ್ಷದವರೆಗೆ ಮೂರು ಆಂಟಿಬಯೋಟಿಕ್‌ಗಳ ಜೋಡಣೆ ಅಥವಾ ಬರೀ ಹುಸಿ ಮಾತ್ರೆ ನೀಡಲಾಯಿತು. ಮೊದಲ 16 ವಾರ ಆಂಟಿಬಯೋಟಿಕ್ ಪಡೆದವರಲ್ಲಿ ಚೇತರಿಕೆ ಹೆಚ್ಚಿತ್ತು. ಆದರೆ ಆ ಲಾಭ ಉಳಿಯಲಿಲ್ಲ. ಎಂಎಪಿ ಇಂದಿಗೂ ಚರ್ಚೆಯಲ್ಲಿದೆ, ಆದರೆ ಅದೇ ಕಾರಣ ಎಂಬುದು ಸಾಬೀತಾಗಿಲ್ಲ.

ಎರಡನೇ ಶಂಕಿತ: ಅಂಟಿಕೊಳ್ಳುವ ಇ. ಕೋಲಿ

ಇ. ಕೋಲಿ ಎಲ್ಲರ ಕರುಳಿನಲ್ಲೂ ಇರುತ್ತದೆ. ಫ್ರಾನ್ಸ್‌ನ ಆರ್ಲೆಟ್ ಡಾರ್ಫ್ಯೂ-ಮಿಶೋ ತಂಡ ಕ್ರೋನ್ಸ್ ರೋಗಿಗಳಲ್ಲಿ ಇದರ ವಿಶೇಷ ಬಗೆಯೊಂದನ್ನು ಗುರುತಿಸಿತು. ಇದು ಸಣ್ಣ ಕರುಳಿನ ಕೊನೆಯ ಭಾಗದ ಗೋಡೆಗೆ ಅಂಟಿಕೊಂಡು ಒಳನುಗ್ಗುತ್ತದೆ. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ರಕ್ಷಣಾ ಕೋಶಗಳೊಳಗೇ ಬದುಕಿ ವೃದ್ಧಿಸುತ್ತದೆ. ಆದರೆ ಕೆಲವು ಆರೋಗ್ಯವಂತರಲ್ಲೂ ಇದು ಸಿಗುತ್ತದೆ. ಹಾಗಾಗಿ ಇದು ಕಾಯಿಲೆಯ ಕಾರಣವೋ, ಉರಿಯೂತದ ಲಾಭ ಪಡೆದು ಬೆಳೆದದ್ದೋ ಎಂಬ ಪ್ರಶ್ನೆ ಉಳಿದಿದೆ.

ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದರೆ?

ಫೀಕಲಿಬ್ಯಾಕ್ಟೀರಿಯಂ ಪ್ರೌಸ್ನಿಟ್ಜಿ ಎಂಬ ಬ್ಯಾಕ್ಟೀರಿಯಾ ನಾರಿನಂಶವನ್ನು ಬಳಸಿ ಬ್ಯುಟಿರೇಟ್ ತಯಾರಿಸುತ್ತದೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಇದೇ ಮುಖ್ಯ ಆಹಾರ. ಶಸ್ತ್ರಚಿಕಿತ್ಸೆ ಆದ ಕ್ರೋನ್ಸ್ ರೋಗಿಗಳಲ್ಲಿ ಇದರ ಪ್ರಮಾಣ ಕಡಿಮೆಯಿದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು ಎಂದು 2008ರ ಫ್ರೆಂಚ್ ಅಧ್ಯಯನ ಹೇಳಿತು.

ಕಾಯಿಲೆ ಬರುವಂತೆ ಜೀನ್ ಬದಲಿಸಿದ ಇಲಿಗಳನ್ನು ಬ್ಯಾಕ್ಟೀರಿಯಾಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದಾಗ ಕರುಳಿನ ಉರಿಯೂತ ಬರಲಿಲ್ಲ. ಇನ್ನೊಂದೆಡೆ, ಬ್ಯಾಕ್ಟೀರಿಯಾಗಳನ್ನು ಗುರುತಿಸಲು ನೆರವಾಗುವ ನಾಡ್2 ಜೀನ್‌ನ ದೋಷಕ್ಕೂ ಕ್ರೋನ್ಸ್‌ಗೂ ನಂಟಿರುವುದು 2001ರಲ್ಲಿ ತಿಳಿಯಿತು. ಹೀಗಾಗಿ ಇಂದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದು: ಒಂದೇ ರೋಗಾಣುವಲ್ಲ, ಅನುವಂಶೀಯತೆ, ಪರಿಸರ, ಬ್ಯಾಕ್ಟೀರಿಯಾ ಸಮೂಹದ ಏರುಪೇರು ಮತ್ತು ರೋಗನಿರೋಧಕ ಶಕ್ತಿಯ ಅತಿಪ್ರತಿಕ್ರಿಯೆ ಸೇರಿ ಕಾಯಿಲೆ ಬರುತ್ತದೆ.

ಭಾರತದಲ್ಲಿ ಟಿಬಿ ಗೊಂದಲ

ಭಾರತದ ರೋಗಿಗಳಿಗೆ ಬ್ಯಾಕ್ಟೀರಿಯಾ ಪ್ರಶ್ನೆ ಇನ್ನೊಂದು ಕಾರಣಕ್ಕೆ ಮುಖ್ಯ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಎರಡೂ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲೇ ಕಾಣಿಸುತ್ತವೆ. ಲಕ್ಷಣ, ಸ್ಕ್ಯಾನ್, ಬಯಾಪ್ಸಿ ಕೂಡ ಹೋಲುತ್ತವೆ. ಆದರೆ ಚಿಕಿತ್ಸೆ ತದ್ವಿರುದ್ಧ. ಟಿಬಿ ಇದ್ದವರಿಗೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹರಡಬಹುದು. ಕ್ರೋನ್ಸ್ ಇದ್ದವರಿಗೆ ಟಿಬಿ ಮಾತ್ರೆ ಕೊಡುತ್ತಾ ಹೋದರೆ ತಿಂಗಳುಗಳು ಕಳೆದು, ಕರುಳು ಕಿರಿದಾಗಿ ಶಸ್ತ್ರಚಿಕಿತ್ಸೆಯ ಹಂತ ತಲುಪಬಹುದು.

ಸ್ಪಷ್ಟತೆ ಸಿಗದಿದ್ದಾಗ ವೈದ್ಯರು ಟಿಬಿ ಔಷಧ ಆರಂಭಿಸಿ, ಕೆಲವು ತಿಂಗಳಲ್ಲಿ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡುತ್ತಾರೆ. ಈ ಮರುಪರೀಕ್ಷೆಯನ್ನು ತಪ್ಪಿಸಬಾರದು.

ಆಂಟಿಬಯೋಟಿಕ್, ಪ್ರೋಬಯೋಟಿಕ್ ತೆಗೆದುಕೊಂಡರೆ ಸಾಕೇ?

* ಗುದದ್ವಾರದ ಬಳಿಯ ಫಿಸ್ಟುಲಾ, ಕೀವುಗಟ್ಟುವಿಕೆಯಂತಹ ತೊಂದರೆಗಳಲ್ಲಿ ಆಂಟಿಬಯೋಟಿಕ್ ಬಳಕೆಯಿದೆ. ಆದರೆ ಅದು ಐಬಿಡಿಯನ್ನು ಗುಣಪಡಿಸುವ ಔಷಧವಲ್ಲ.
* ಸಿಕ್ಕಸಿಕ್ಕ ಆಂಟಿಬಯೋಟಿಕ್ ನುಂಗಿದರೆ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ, ಸಿ. ಡಿಫಿಸಿಲ್ ಸೋಂಕು ತಗುಲಬಹುದು.
* ಮೊಸರು, ಮಜ್ಜಿಗೆ ಒಗ್ಗಿದರೆ ಸೇವಿಸಬಹುದು. ಆದರೆ ಅವು ಔಷಧಕ್ಕೆ ಬದಲಿಯಲ್ಲ.
* ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ ಅಲ್ಸರೇಟಿವ್ ಕೊಲೈಟಿಸ್‌ನ ಕೆಲವರಲ್ಲಿ ಫಲ ನೀಡಿದೆ. ಲೂಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನಲ್ಲೂ ಇದರ ಅಧ್ಯಯನ ನಡೆದಿದೆ. ಇದನ್ನು ಮನೆಯಲ್ಲಿ ಪ್ರಯೋಗಿಸುವುದು ಅಪಾಯಕಾರಿ.

ವೈದ್ಯರನ್ನು ಯಾವಾಗ ಕಾಣಬೇಕು?

ನಾಲ್ಕು ವಾರ ಮೀರಿದ ಭೇದಿ, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಪದೇ ಪದೇ ಜ್ವರ, ತೂಕ ಇಳಿಕೆ, ರಕ್ತಹೀನತೆ ಇದ್ದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಹೋಗಬೇಕು. ಮಲದಲ್ಲಿನ ರಕ್ತವನ್ನು ಮೂಲವ್ಯಾಧಿ ಎಂದು ತಾವೇ ನಿರ್ಧರಿಸಿ ಸುಮ್ಮನಾಗಬಾರದು. ಈಗಾಗಲೇ ಐಬಿಡಿ ಇರುವವರು ಆರಾಮಾಯಿತೆಂದು ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು.