ಮಂಜರಾಬಾದ್‌ನಿಂದ ತೇಜಸ್‌ವರೆಗೆ: ಆಯುಧ ಆಮದಿನ ಲೆಕ್ಕ

ಗಡಿಯಲ್ಲಿ ಗುಂಡಿನ ಸದ್ದಾದಾಗಲೆಲ್ಲ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಮೆಸೇಜು ಓಡಾಡುತ್ತವೆ. ಒಂದು, ಆಯುಧ ಕೊಳ್ಳುವುದರಲ್ಲಿ ಭಾರತವೇ ಪ್ರಪಂಚಕ್ಕೆ ಮೊದಲು ಎಂಬುದು. ಇನ್ನೊಂದು, ಈಗ ನಾವು ಹೊರಗಿನಿಂದ ಏನೂ ತರಿಸುವುದಿಲ್ಲ, ಎಲ್ಲ ಇಲ್ಲೇ ತಯಾರಾಗುತ್ತದೆ ಎಂಬುದು. ಎರಡೂ ಪೂರ್ತಿ ನಿಜವಲ್ಲ. ಎಷ್ಟು ತಂದೆವು ಎನ್ನುವುದರ ಜೊತೆಗೆ ಯಾರಿಂದ ತಂದೆವು, ಯಾವ ಭಾಗ ತಂದೆವು ಎಂದೂ ಕೇಳಬೇಕು. ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ.

ಟಿಪ್ಪು ನಂಬಿದ ಫ್ರಾನ್ಸ್

ಮರಾಠರ ದಾಳಿ ತಡೆಯಲು ಹೈದರಾಲಿ ನಮ್ಮ ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ಮಾಡಿಸಿದ. ಅವನ ಮಗ ಟಿಪ್ಪು ಸಕಲೇಶಪುರದ ಹತ್ತಿರ ಕಟ್ಟಿಸಿದ ಮಂಜರಾಬಾದ್ ಕೋಟೆಯ ರೀತಿಯೇ ಬೇರೆ. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಅದು ಫ್ರಾನ್ಸಿನಿಂದ ಬಂದ ವಿದ್ಯೆ. ಕೋಟೆಯ ನಕ್ಷೆಯಷ್ಟೇ ಅಲ್ಲ, ಬಂದೂಕು, ಫಿರಂಗಿ, ಸೈನ್ಯಕ್ಕೆ ತರಬೇತಿ ಕೊಡುವ ಅಧಿಕಾರಿಗಳು ಕೂಡ ಅಲ್ಲಿಂದ ಬರುತ್ತಿದ್ದರು.

1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡು ಸೈನ್ಯದ ನೆರವು ಕೇಳಿದರು. ಮರ್ಯಾದೆ ಸಿಕ್ಕಿತು, ಕೆಲವು ಕುಶಲಕರ್ಮಿಗಳು ಸಿಕ್ಕರು, ಸೈನ್ಯ ಸಿಗಲಿಲ್ಲ. ಮರುವರ್ಷ ಫ್ರಾನ್ಸಿನಲ್ಲೇ ಕ್ರಾಂತಿ ಆಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಗ ಕೋಟೆಯೊಳಗೆ 900ಕ್ಕೂ ಹೆಚ್ಚು ಫಿರಂಗಿಗಳಿದ್ದವು. ಆಯುಧಕ್ಕೆ ಬರ ಇರಲಿಲ್ಲ, ಬರಬೇಕಾದ ಗೆಳೆಯ ಬರಲಿಲ್ಲ.

ಮೈಸೂರಿನವರು ತಾವೇ ಮಾಡಿಕೊಂಡಿದ್ದ ಒಂದು ಆಯುಧ ಮಾತ್ರ ಇಂಗ್ಲಿಷರನ್ನು ಬೆಚ್ಚಿಬೀಳಿಸಿತ್ತು. ಅದು ಕಬ್ಬಿಣದ ಕೊಳವೆಯ ರಾಕೆಟ್. ಅದರ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ತಯಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿ ಕಂಡಿತು.

1965ರ ಪಾಠ

ಸ್ವಾತಂತ್ರ್ಯ ಬಂದ ಮೇಲೆ ಪಾಕಿಸ್ತಾನ ಅಮೆರಿಕವನ್ನು ನೆಚ್ಚಿಕೊಂಡಿತು. 1954ರ ಒಪ್ಪಂದದ ನಂತರ ಪ್ಯಾಟನ್ ಟ್ಯಾಂಕು, ಸೇಬರ್ ವಿಮಾನ ಎಲ್ಲ ಅಲ್ಲಿಂದಲೇ. ಭಾರತ ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಎಂದು ಹಲವು ಕಡೆ ಕೊಳ್ಳುತ್ತಿತ್ತು. ಬ್ರಿಟನ್ನಿನ ನ್ಯಾಟ್ ವಿಮಾನವನ್ನು ಲೈಸೆನ್ಸ್ ಪಡೆದು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಮಾಡುತ್ತಿದ್ದರು.

1965ರ ಯುದ್ಧದಲ್ಲಿ ಅಮೆರಿಕ ಎರಡೂ ದೇಶಗಳಿಗೆ ಆಯುಧ ನಿಲ್ಲಿಸಿತು. ಆದೇಶ ಇಬ್ಬರಿಗೂ ಒಂದೇ, ಪೆಟ್ಟು ಹೆಚ್ಚಾಗಿ ಬಿದ್ದದ್ದು ಪಾಕಿಸ್ತಾನಕ್ಕೆ. ಬಿಡಿಭಾಗಕ್ಕೂ ಅದು ಒಬ್ಬನ ಮುಂದೆಯೇ ಕೈ ಒಡ್ಡಬೇಕಿತ್ತು. ಆಮೇಲೆ ಪಾಕಿಸ್ತಾನ ಚೀನಾ ಕಡೆ ವಾಲಿತು, ಭಾರತ ಸೋವಿಯತ್ ಒಕ್ಕೂಟದ ಕಡೆ. 1991ರಲ್ಲಿ ಆ ಒಕ್ಕೂಟವೇ ಒಡೆದುಹೋದಾಗ ಬಿಡಿಭಾಗಕ್ಕೆ ಪರದಾಡುವ ಸರದಿ ನಮ್ಮದಾಯಿತು.

ಈಗಿನ ಅಂಕಿ ಏನು ಹೇಳುತ್ತದೆ?

ಸ್ವೀಡನ್ನಿನ ಸಿಪ್ರಿ ಎಂಬ ಸಂಸ್ಥೆ ಈ ಲೆಕ್ಕ ಇಡುತ್ತದೆ. ಅದು ಕೊಟ್ಟ ದುಡ್ಡನ್ನು ಎಣಿಸುವುದಿಲ್ಲ, ಬಂದ ಆಯುಧದ ಸಾಮರ್ಥ್ಯವನ್ನು ಅಳೆಯುತ್ತದೆ. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಬರುವುದರಿಂದ ಐದೈದು ವರ್ಷ ಒಟ್ಟಿಗೆ ಹೋಲಿಸುತ್ತದೆ.

2019ರಿಂದ 23ರ ಲೆಕ್ಕದಲ್ಲಿ ಭಾರತ ಮೊದಲ ಸ್ಥಾನದಲ್ಲಿತ್ತು. 2020ರಿಂದ 24ರ ಲೆಕ್ಕದಲ್ಲಿ ಯುದ್ಧದಲ್ಲಿರುವ ಯುಕ್ರೇನ್ ಶೇ 8.8ರೊಂದಿಗೆ ಮುಂದೆ ಹೋಯಿತು, ಭಾರತ ಶೇ 8.3ರೊಂದಿಗೆ ಎರಡನೆಯದು. ಒಂದು ಕಾಲಕ್ಕೆ ಬಹಳಷ್ಟು ತರಿಸುತ್ತಿದ್ದ ಚೀನಾ ಮೊದಲ ಹತ್ತರ ಪಟ್ಟಿಯಿಂದಲೇ ಹೊರಬಿತ್ತು. ಅದು ತನಗೆ ಬೇಕಾದ್ದನ್ನು ಬಹುಪಾಲು ತಾನೇ ಮಾಡಿಕೊಳ್ಳುತ್ತಿದೆ.

ಯಾರಿಂದ ಬಂತು ಎಂಬುದನ್ನು ನೋಡಿ. 2010ರಿಂದ 14ರಲ್ಲಿ ನಮ್ಮ ಆಮದಿನ ಶೇ 72 ರಷ್ಯಾದ್ದು. 2020ರಿಂದ 24ರಲ್ಲಿ ಅದು ಶೇ 36ಕ್ಕೆ ಇಳಿದಿದೆ. ಮೂರನೇ ಒಂದು ಪಾಲು ಫ್ರಾನ್ಸಿನಿಂದ ಬಂತು. ಇದೇ ಅವಧಿಯಲ್ಲಿ ಪಾಕಿಸ್ತಾನದ ಆಮದಿನ ಶೇ 81 ಚೀನಾದ್ದು. 1965ಕ್ಕೆ ಮೊದಲು ಹೇಗೆ ಒಬ್ಬನನ್ನೇ ನೆಚ್ಚಿತ್ತೋ ಈಗಲೂ ಹಾಗೆಯೇ, ಒಡೆಯ ಬದಲಾಗಿದ್ದಾನೆ ಅಷ್ಟೆ.

ಒಡಲು ನಮ್ಮದು, ಎಂಜಿನ್ ಅವರದು

1961ರಲ್ಲಿ ಎಚ್‌ಎಎಲ್ ಹಾರಿಸಿದ ಮಾರುತ್ ಯುದ್ಧವಿಮಾನ ಚೆನ್ನಾಗಿತ್ತು. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ತೇಜಸ್ ಕೂಡ ಬೆಂಗಳೂರಲ್ಲೇ ತಯಾರಾಗುತ್ತದೆ, ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಕೊಟ್ಟರೂ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ನಮ್ಮದೇ ಕಾವೇರಿ ಎಂಜಿನ್ ದಶಕಗಳಿಂದ ಪ್ರಯತ್ನದಲ್ಲಿದ್ದರೂ ತೇಜಸ್‌ಗೆ ಸಾಕಾಗುವ ಶಕ್ತಿ ಬರಲಿಲ್ಲ. ಟ್ರ್ಯಾಕ್ಟರಿನ ಒಂದು ಬಿಡಿಭಾಗಕ್ಕಾಗಿ ಬಿತ್ತನೆ ಹದ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಲ್ಲವನ್ನೂ ಇಲ್ಲೇ ಮಾಡಿಬಿಟ್ಟರೆ? ಮಾಡಬೇಕು, ಆದರೆ ಅದೂ ಪುಕ್ಕಟೆ ಅಲ್ಲ. ಟಿಪ್ಪುವಿನ ಫಿರಂಗಿ ಎಳೆದದ್ದು ಅಮೃತಮಹಲ್ ಎತ್ತುಗಳು. ಅವು ಮೇಯಲೆಂದು ಹಳೇ ಮೈಸೂರಿನ ಉದ್ದಕ್ಕೂ ಕಾವಲುಗಳಿದ್ದವು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಂಥ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ ಮುಂತಾದ ಸಂಸ್ಥೆಗಳಿಗೆ ಹೋಯಿತು. 2017ರಲ್ಲಿ ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಶುರುವಾಯಿತು. ಕುರಿ ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಯವರು ಬೇಲಿಯ ಹೊರಗೆ ಉಳಿದರು, ಹೋರಾಟ ಮಾಡಿದರು, ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು.

ಹೊರಗಿನಿಂದ ತಂದರೆ ಬೆಲೆಯನ್ನು ಮಾರುವವನು ಹೇಳುತ್ತಾನೆ. ಇಲ್ಲೇ ಮಾಡಿದರೆ ಆ ಬೆಲೆಯ ಒಂದು ಪಾಲು ಯಾವುದೋ ಊರಿನ ಹುಲ್ಲುಗಾವಲಿನ ಮೇಲೆ ಬೀಳುತ್ತದೆ. ಮುಂದಿನ ಸಲ ನಂಬರ್ ಒನ್ ಮೆಸೇಜು ಬಂದಾಗ ಆ ಪಾಲನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.