ಎಲ್ಲಿದ್ದೇನೆಂದು ತಾನೇ ಹೇಳುವ ವಿಮಾನ

ದೆಹಲಿಯ ಕರೋಲ್ ಬಾಗ್‌ನ ಅಂಗಡಿಗಳಲ್ಲಿ ಟ್ರ್ಯಾಕರ್ ಕೇಳಿದರೆ ಬರುವ ಮೊದಲ ಪ್ರಶ್ನೆ, ಕಾರಿಗೋ ಬೈಕಿಗೋ ಎಂಬುದು. ಅಲ್ಲಿನ ನಾಯಿವಾಲಾ ಬೀದಿಗಳ ಸುತ್ತಮುತ್ತ ಬುಲೆಟ್ ಬೈಕುಗಳ ಬಿಡಿಭಾಗ, ಲಡಾಖ್‌ಗೆ ಹೊರಟವರ ಬಾಡಿಗೆ ಬೈಕು, ಕಾರಿನ ಅಲಂಕಾರ ಎಲ್ಲವೂ ಸಿಗುತ್ತವೆ. ಅಲ್ಲಿ ಸಿಗುವ ಟ್ರ್ಯಾಕರ್‌ಗಳೂ ರಸ್ತೆಯ ವಾಹನಕ್ಕೆಂದೇ ಹುಟ್ಟಿದವು: ಜಿಪಿಎಸ್‌ನಿಂದ ಜಾಗ ತಿಳಿದುಕೊಂಡು, ಒಳಗಿನ ಸಿಮ್ ಕಾರ್ಡಿನ ಮೂಲಕ ಮೊಬೈಲ್ ಟವರಿಗೆ ಕಳಿಸುತ್ತವೆ. ಟವರುಗಳ ಆಂಟೆನಾ ಮುಖ ಮಾಡಿರುವುದು ನೆಲದತ್ತ. ಸಾವಿರಾರು ಅಡಿ ಮೇಲಿರುವ ಪುಟ್ಟ ವಿಮಾನಕ್ಕೆ ಒಮ್ಮೆ ಹತ್ತಾರು ಟವರುಗಳು ಮಸುಕಾಗಿ ಕೇಳುತ್ತವೆ, ಇನ್ನೊಮ್ಮೆ ಒಂದೂ ಇಲ್ಲ. ತನ್ನ ಕೈಯಾರೆ ಕಟ್ಟಿದ ವಿಮಾನ ಎಲ್ಲಿದೆ ಎಂದು ಮನೆಯವರಿಗೆ ತಿಳಿಯಬೇಕೆಂದು ಬಯಸುವವನು ಬೇರೆ ದಾರಿ ನೋಡಬೇಕು. ಆ ದಾರಿಯನ್ನು ಕಂಡುಕೊಟ್ಟವರು ಹ್ಯಾಮ್ ರೇಡಿಯೊ ಹವ್ಯಾಸಿಗಳು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊ ಪ್ರಸಾರ ಮಾಡುವವರು.

ಎಲ್ಲವೂ ಸಿಗುವ ಈ ಪೇಟೆಯಲ್ಲಿ ಅವರ ರೇಡಿಯೊ ಏಕೆ ಸುಲಭವಾಗಿ ಸಿಗಲಿಲ್ಲ ಎಂಬುದಕ್ಕೆ ಹಿನ್ನೆಲೆಯಿದೆ. ಕರೋಲ್ ಬಾಗ್‌ನದು ಸ್ಥಳಾಂತರಗೊಂಡವರ ಚರಿತ್ರೆ. ಹೊಸದಿಲ್ಲಿ ಕಟ್ಟುವಾಗ ಮಾಧೋಗಂಜ್, ಜೈಸಿಂಗ್‌ಪುರದಂಥ ಹಳ್ಳಿಗಳಿಂದ ಎಬ್ಬಿಸಿದ ಜನ ಇಲ್ಲಿಗೆ ಬಂದರು. ದೇಶ ವಿಭಜನೆಯಾದಾಗ ಪಶ್ಚಿಮ ಪಂಜಾಬಿನ ನಿರಾಶ್ರಿತರು ಬಂದು ಅಂಗಡಿ ಹಾಕಿದರು. ಸರ್ಕಾರಿ ನೌಕರಿ ಹಿಡಿದು ಬಂದ ದಕ್ಷಿಣದ ಕುಟುಂಬಗಳು ಬಾಡಿಗೆ ಮನೆ ಹುಡುಕಿದ್ದೂ ಇದೇ ಬೀದಿಗಳಲ್ಲಿ. ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನ್ ಹೆಸರಿನ ಗಫಾರ್ ಮಾರ್ಕೆಟ್ ವಿದೇಶಿ ಗಡಿಯಾರ, ಟೇಪ್ ರೆಕಾರ್ಡರ್, ಆಮೇಲೆ ಮೊಬೈಲ್ ಫೋನುಗಳಿಗೆ ಹೆಸರಾಯಿತು.

ಆದರೆ ರೇಡಿಯೊ ಎಂಬ ವಸ್ತುವನ್ನು ಗಡಿಯಾರದಂತೆ ಕೊಂಡು ಮನೆಗೆ ಒಯ್ಯುವಂತಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜತೆಗೆ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂದು, ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಹಾಡು, ವಾರ್ತೆ ಕೇಳುವ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ಹಿರಿಯರಿಗೆ ಆ ಪುಟ್ಟ ಪುಸ್ತಕ ನೆನಪಿರುತ್ತದೆ.

ಇಷ್ಟು ಬಿಗಿಯ ನಡುವೆಯೂ ಹವ್ಯಾಸಿಗಳು ಬೆಳೆದರು. ಅಮರೇಂದ್ರ ಚಂದ್ರ ಗುಪ್ತು 1921ರಲ್ಲಿ ಲೈಸೆನ್ಸ್ ಪಡೆದು ಭಾರತದ ಮೊದಲ ಹ್ಯಾಮ್ ಎನಿಸಿದರು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಆರಂಭಿಸಿದ್ದನ್ನು ಕನ್ನಡಿಗರಿಗೆ ಹೇಳಬೇಕಿಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಹ್ಯಾಮ್‌ಗಳೆಲ್ಲ ತಮ್ಮ ಟ್ರಾನ್ಸ್‌ಮಿಟರ್‌ಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಮಹೂವಿನ ಸೇನಾ ಸಿಗ್ನಲ್ಸ್ ಶಾಲೆಯಲ್ಲಿ ಹ್ಯಾಮ್‌ಗಳ ಸಂಘ ಹುಟ್ಟಿತು. ಅದು ದೆಹಲಿಗೆ ಬಂದು 1954ರಲ್ಲಿ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಆಯಿತು. ಸೇನೆ ಹರಾಜು ಹಾಕಿದ ಹಳೆಯ ವಾಲ್ವ್ ಸೆಟ್ಟುಗಳನ್ನು ಬಿಚ್ಚಿ ಜೋಡಿಸುವುದೇ ಆ ಕಾಲದ ಹ್ಯಾಮ್‌ಗಳ ವಿದ್ಯೆ. ವಿಮಾನ ಮತ್ತು ರೇಡಿಯೊ ಎರಡೂ ಹುಚ್ಚು ಒಬ್ಬರಲ್ಲೇ ಸೇರಿದ್ದಕ್ಕೆ ದೆಹಲಿಯಲ್ಲೇ ದೊಡ್ಡ ಉದಾಹರಣೆಯಿದೆ: ಇಂಡಿಯನ್ ಏರ್‌ಲೈನ್ಸ್ ಪೈಲಟ್ ಆಗಿದ್ದ ರಾಜೀವ್ ಗಾಂಧಿ. ಅವರ ಹ್ಯಾಮ್ ಗುರುತು, ಅಂದರೆ ಕಾಲ್ ಸೈನ್, ವಿಯು2ಆರ್‌ಜಿ.

ಟ್ರ್ಯಾಕರ್‌ನಿಂದ ವಿಮಾನ ಎಲ್ಲಿದೆ ಎಂಬುದಷ್ಟೇ ಅಲ್ಲ, ಎಷ್ಟು ಎತ್ತರದಲ್ಲಿದೆ ಎಂಬುದೂ ಗೊತ್ತಾಗಬೇಕು. ಈ ಪಾಠಕ್ಕೆ ದೆಹಲಿಯ ಆಕಾಶ ತೆತ್ತ ಬೆಲೆ ಘೋರವಾದುದು. 1996ರ ನವೆಂಬರ್ 12ರ ಸಂಜೆ, ದೆಹಲಿಯಿಂದ ಹೊರಟ ಸೌದಿ ಬೋಯಿಂಗ್ 747 ಮತ್ತು ದೆಹಲಿಗೆ ಬರುತ್ತಿದ್ದ ಕಜಕ್ ಇಲ್ಯೂಷಿನ್ 76 ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಕ್ ವಿಮಾನ ತನಗೆ ಗೊತ್ತುಮಾಡಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಆಗ ದೆಹಲಿ ನಿಯಂತ್ರಕರ ಮುಂದಿದ್ದ ರಾಡಾರ್‌ನಲ್ಲಿ ಚುಕ್ಕಿ ಕಾಣುತ್ತಿತ್ತು, ಎತ್ತರ ಕಾಣುತ್ತಿರಲಿಲ್ಲ. ಆ ಬಳಿಕವೇ ಅಲ್ಲಿ ಎತ್ತರ ತೋರಿಸುವ ರಾಡಾರ್ ಬಳಕೆಗೆ ಬಂದದ್ದು, ಭಾರತದಲ್ಲಿ ಹಾರುವ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಸಾಧನ ಕಡ್ಡಾಯವಾದದ್ದು.

ಹ್ಯಾಮ್‌ಗಳ ಟ್ರ್ಯಾಕರ್ ವ್ಯವಸ್ಥೆಗೆ ಎಪಿಆರ್‌ಎಸ್ ಎಂದು ಹೆಸರು. ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ 1982ರಲ್ಲಿ ಆಪಲ್ 2 ಕಂಪ್ಯೂಟರಿನಲ್ಲಿ ನೌಕೆಗಳ ಜಾಗ ಗುರುತಿಸುವ ಪ್ರೋಗ್ರಾಂ ಬರೆದರು. ಎರಡು ವರ್ಷದ ನಂತರ ಅದನ್ನೇ ನೂರು ಮೈಲಿಯ ಕುದುರೆ ಓಟವೊಂದಕ್ಕೆ ಹೊಂದಿಸಿದರು. ಅವರ ಜಾಣ್ಮೆ ಇದ್ದದ್ದು ಹಂಚಿಕೊಳ್ಳುವ ರೀತಿಯಲ್ಲಿ: ಯಾರೋ ಒಬ್ಬರಿಗೆ ಕಳಿಸುವ ಬದಲು, ಎಲ್ಲರಿಗೂ ಕೇಳುವಂತೆ ಒಂದೇ ತರಂಗಾಂತರದಲ್ಲಿ ಚುಟುಕಾಗಿ ಕೂಗಿ ಸುಮ್ಮನಾಗುವುದು. ದಾರಿಯಲ್ಲಿರುವ ಇತರ ಹ್ಯಾಮ್‌ಗಳ ಡಿಜಿಪೀಟರ್‌ಗಳು ಅದನ್ನು ಆಲಿಸಿ ಮತ್ತೆ ಕೂಗುತ್ತವೆ. ಕೊನೆಗೆ ಯಾವುದೋ ಮನೆಯ ಕಂಪ್ಯೂಟರ್ ಅದನ್ನು ಇಂಟರ್‌ನೆಟ್‌ಗೆ ದಾಟಿಸುತ್ತದೆ. ಸೇನೆಯ ಹಿತಕ್ಕಾಗಿ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸಿದ್ದ ತಪ್ಪನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಅಂಗೈಯಗಲದ ಟ್ರ್ಯಾಕರ್‌ಗಳು ನಿಜಕ್ಕೂ ಉಪಯೋಗಕ್ಕೆ ಬಂದವು. ಬ್ರುನಿಂಗಾ 2022ರಲ್ಲಿ ತೀರಿಕೊಂಡರು.

ಇಂಥ ಟ್ರ್ಯಾಕರ್ ಹೊರಬೇಕಾದ, ಕೈಯಾರೆ ಕಟ್ಟುವ ವಿಮಾನಗಳ ಚರಿತ್ರೆ ನಮ್ಮಲ್ಲಿ ಹೆಚ್ಚಾಗಿ ಬೆಂಗಳೂರಿನದು. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಇಝೀ, ಮನೆಯ ಗ್ಯಾರೇಜಿನಲ್ಲಿ ಫೈಬರ್ ಗ್ಲಾಸಿನಿಂದ ಕಟ್ಟಲೆಂದೇ ರೂಪಿಸಿದ ವಿಮಾನ. ಅದನ್ನೇ ಮಾದರಿಯಾಗಿಟ್ಟು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ತಯಾರಿಸಿದ ಪುಟ್ಟ ವಿಮಾನ 1987ರಲ್ಲಿ ಹಾರಿತು. ಅಲ್ಲಿ ಕಲಿತದ್ದು ಮುಂದೆ 1993ರಲ್ಲಿ ಹಾರಿದ ಹಂಸ ವಿಮಾನಕ್ಕೆ ನೆರವಾಯಿತು. ಬೆಂಗಳೂರಿನದೇ ರಾಜ್ ಹಂಸ ಕಂಪನಿ ಅಲ್ಯುಮಿನಿಯಂ ಕೊಳವೆ ಮತ್ತು ಬಟ್ಟೆಯ ಎಕ್ಸ್-ಏರ್ ವಿಮಾನಗಳನ್ನು ಕಿಟ್ ರೂಪದಲ್ಲಿ ಬ್ರಿಟನ್ನಿಗೂ ಕಳಿಸಿತು. ಅಲ್ಲಿನ ಹವ್ಯಾಸಿಗಳು ಅವನ್ನು ತಮ್ಮ ಶೆಡ್ಡುಗಳಲ್ಲಿ ಜೋಡಿಸಿ ಹಾರಿಸಿದರು. ಮುಂಬೈನಲ್ಲಿ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶಿಸಿದರು. ಅದರ ಕಾಗದಪತ್ರಕ್ಕೆ ಅವರು ಪಟ್ಟ ಪಾಡು ವರ್ಷಗಟ್ಟಲೆಯದು.

ಟ್ರ್ಯಾಕರ್ ಆರಿಸುವಾಗ ಮೊದಲು ನೋಡಬೇಕಾದದ್ದು ವಿಮಾನದ ಮೈ. ಫೈಬರ್ ಗ್ಲಾಸ್ ಮತ್ತು ಬಟ್ಟೆ ರೇಡಿಯೊ ಅಲೆಗಳನ್ನು ತಡೆಯುವುದಿಲ್ಲ. ಲಾಂಗ್-ಇಝೀ ಕಟ್ಟುವವರು ತಾಮ್ರದ ಪಟ್ಟಿಯ ಆಂಟೆನಾವನ್ನು ಮೈಯೊಳಗೇ ಹೂತುಬಿಡುತ್ತಾರೆ. ಲೋಹ ಅಥವಾ ಕಾರ್ಬನ್ ಫೈಬರ್ ಆದರೆ ಆಂಟೆನಾ ಹೊರಗೇ ಇರಬೇಕು. 144 ಮೆಗಾಹರ್ಟ್ಸ್‌ಗೆ ಅದರ ಉದ್ದ ಸುಮಾರು ಅರ್ಧ ಮೀಟರ್.

ಎರಡನೆಯದು ಶಕ್ತಿ. ಇಲ್ಲಿ ಹೆಚ್ಚು ವಾಟ್ ಇದ್ದಷ್ಟೂ ಒಳ್ಳೆಯದೆಂಬ ಮಾರುಕಟ್ಟೆಯ ಲೆಕ್ಕ ತಲೆಕೆಳಗಾಗುತ್ತದೆ. 5,000 ಅಡಿ ಎತ್ತರದಿಂದ ರೇಡಿಯೊ ದಿಗಂತ ಸುಮಾರು 160 ಕಿಲೋಮೀಟರ್. ಕಾರಿನಂತೆ ಅಲ್ಲಿಂದಲೂ ಜೋರಾಗಿ, ಪದೇಪದೇ, ಮೂರು ಹಂತ ಮರುಕೂಗು ಬೇಡುತ್ತಾ ಹೋದರೆ ಹಲವು ಊರುಗಳ ಡಿಜಿಪೀಟರ್‌ಗಳು ಒಟ್ಟಿಗೇ ಎದ್ದು ತರಂಗಾಂತರವೇ ಕಟ್ಟಿಕೊಳ್ಳುತ್ತದೆ. ಆಕಾಶದಲ್ಲಿ ಒಂದು ವಾಟ್‌ಗಿಂತ ಕಡಿಮೆ ಸಾಕು, ಒಂದೇ ಮರುಕೂಗು ಸಾಕು. ಗಂಟೆಗೆ 180 ಕಿಲೋಮೀಟರ್ ಹಾರುವ ವಿಮಾನ ನಿಮಿಷಕ್ಕೊಮ್ಮೆ ಕೂಗಿದರೆ ಮೂರು ಕಿಲೋಮೀಟರಿಗೊಂದು ಚುಕ್ಕಿ ಬೀಳುತ್ತದೆ. ಹುಡುಕುವವರಿಗೆ ಅಷ್ಟು ಜಾಡು ದೊಡ್ಡ ಉಪಕಾರ. ಪ್ರತಿ ಚುಕ್ಕಿಯ ಜತೆ ಎತ್ತರವನ್ನೂ ಕಳಿಸುವ ಟ್ರ್ಯಾಕರನ್ನೇ ಆರಿಸಬೇಕು. ತನ್ನದೇ ಬ್ಯಾಟರಿ ಇರಬೇಕು, ಎಂಜಿನ್ ಕೈಕೊಟ್ಟಾಗಲೇ ಅದು ಬೇಕಾಗುವುದು.

ಜಾಡಿಲ್ಲದೆ ಹುಡುಕುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ನಿದರ್ಶನ: ಅಮೆರಿಕದ ಸಾಹಸಿ ಸ್ಟೀವ್ ಫಾಸೆಟ್ 2007ರ ಸೆಪ್ಟೆಂಬರಿನಲ್ಲಿ ನೆವಾಡದಿಂದ ಸಣ್ಣ ವಿಮಾನದಲ್ಲಿ ಹೊರಟು ಕಾಣೆಯಾದರು. ತುರ್ತು ಸಂಕೇತ ಯಾರಿಗೂ ಕೇಳಿಸಲಿಲ್ಲ, ಅವಶೇಷ ಸಿಕ್ಕಿದ್ದು ಮರುವರ್ಷದ ಅಕ್ಟೋಬರಿನಲ್ಲಿ. ತುರ್ತು ಬೀಕನ್ ಬಿದ್ದ ಮೇಲೆ ಕೂಗುತ್ತದೆ, ಟ್ರ್ಯಾಕರ್ ಬೀಳುವ ತನಕದ ದಾರಿ ಹೇಳಿರುತ್ತದೆ. ಹಾಗೆಂದು ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ. 406 ಮೆಗಾಹರ್ಟ್ಸ್ ಬೀಕನ್‌ಗಳ ಕರೆಯನ್ನು ಉಪಗ್ರಹದ ಮೂಲಕ ಆಲಿಸುವ ಭಾರತದ ಕೇಂದ್ರ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿದೆ. ನಿಯಂತ್ರಕರ ರಾಡಾರ್‌ಗೆ ಉತ್ತರಿಸುವ ಟ್ರಾನ್ಸ್‌ಪಾಂಡರ್‌ಗೂ ಹ್ಯಾಮ್ ಟ್ರ್ಯಾಕರ್ ಬದಲಿಯಲ್ಲ.

ವಿದೇಶದಿಂದ ತರಿಸುವವರು ತರಂಗಾಂತರ ಗಮನಿಸಬೇಕು. ಅಮೆರಿಕದ್ದು 144.390, ಯುರೋಪಿನದು 144.800 ಮೆಗಾಹರ್ಟ್ಸ್. ಯುರೋಪಿನಲ್ಲಿ ಈಚೆಗೆ ಹಬ್ಬಿರುವ, ಲೋರಾ ಎಂಬ ಕಡಿಮೆ ಶಕ್ತಿಯ ತಂತ್ರದ ಟ್ರ್ಯಾಕರ್‌ಗಳು 433.775ರಲ್ಲಿ ಕೂಗುತ್ತವೆ. ಭಾರತದ ಹ್ಯಾಮ್‌ಗಳಿಗೆ ಆ ಆಸುಪಾಸಿನಲ್ಲಿ ಸಿಕ್ಕಿರುವ ಪಟ್ಟಿ 434ರಿಂದ 438; 433.775 ಅದರ ಹೊರಗಿದೆ. ಟ್ರ್ಯಾಕರ್ ಕೊಳ್ಳುವ ಮೊದಲು ಹ್ಯಾಮ್ ಪರೀಕ್ಷೆ ಬರೆದು ನಿಮ್ಮದೇ ಕಾಲ್ ಸೈನ್ ಪಡೆಯಿರಿ. ಹಾರುವ ವಿಮಾನದಿಂದ ಪ್ರಸಾರ ಮಾಡುವ ಬಗ್ಗೆ ರೇಡಿಯೊ ಲೈಸೆನ್ಸ್ ಕೊಡುವ, ದೆಹಲಿಯ ಸಂಚಾರ ಭವನದಲ್ಲಿರುವ ಡಬ್ಲ್ಯುಪಿಸಿ ವಿಭಾಗದಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ನಿಮ್ಮ ಊರಿನ ಹ್ಯಾಮ್‌ಗಳು ಯಾವ ತರಂಗಾಂತರ ಆಲಿಸುತ್ತಾರೆಂದು ಕೇಳಿ, ಟ್ರ್ಯಾಕರನ್ನು ಅದಕ್ಕೆ ಹೊಂದಿಸಿ. ಆಲಿಸುವ ಕಿವಿ ಹತ್ತಿರದಲ್ಲಿ ಇಲ್ಲವಾದರೆ ನಿಮ್ಮ ಮನೆಯ ಮೇಲೊಂದು ಆಂಟೆನಾ ಏರಿಸಿ.